ಆಡಿಯೇ ಸೋಲುತ್ತೇವೆ

ಬಸ್ಸಿನಲ್ಲಿ ಯಾರು ಎಲ್ಲಿ ಕೂರಬೇಕೆಂದು ತೀರ್ಮಾನಿಸುವವಳು ಅಕ್ಕ. ಅವಳ ತೀರ್ಪಿಗೆ ಮೇಲ್ಮನವಿ ಇರಲಿಲ್ಲ. ಕಿಟಕಿ ಬೇಕು ಎಂದವನಿಗೆ ಕಿಟಕಿ ಸಿಗುತ್ತಿರಲಿಲ್ಲ, ಗೆಳೆಯನ ಪಕ್ಕ ಬೇಕು ಎಂದವನಿಗಂತೂ ಗೆಳೆಯನಿಂದ ಆರು ಸಾಲು ದೂರದ ಸೀಟೇ ಗತಿ. ನೂರಹದಿನೈದು ಕಿಲೋ ತೂಗುವ ಗಂಡಸರು ಅವಳ ಕೈಯಲ್ಲಿನ ಒಂದು ಹಾಳೆ ನೋಡಿ, ಮುಖ ಊದಿಸಿಕೊಂಡು, ತಮ್ಮ ತಮ್ಮ ಜಾಗಕ್ಕೆ ಹೋಗುತ್ತಿದ್ದರು.

ಅವಳು ಈ ರಗ್ಬಿ ತಂಡದ ಮ್ಯಾನೇಜರು. ಹನ್ನೊಂದು ವರ್ಷದಿಂದ ಬಸ್ಸು, ಹೋಟೆಲು, ಊಟ, ಅರ್ಜಿ, ಪಾಸ್‌ಪೋರ್ಟು, ಒದ್ದೆ ಜೆರ್ಸಿ ಎಲ್ಲವೂ ಅವಳದೇ ತಲೆನೋವು. ತಂಡದಲ್ಲಿ ಎಲ್ಲರಿಗೂ ಅವಳು ಅಕ್ಕ. ಹಾಗೆ ಕರೆಯುವ ಹುಟ್ಟುಹಕ್ಕು ಮಾತ್ರ ಒಬ್ಬನಿಗೇ ಇತ್ತು. ಅವನು ಅವಳ ಒಡಹುಟ್ಟಿದ ತಮ್ಮ, ತಂಡದವರು ಇಟ್ಟ ಹೆಸರು ಕಂಬ.

ರಗ್ಬಿ ಗೊತ್ತಿಲ್ಲದವರಿಗೆ ಒಂದು ವಿಷಯ ಹೇಳಿದರೆ ಸಾಕು. ಈ ಆಟದಲ್ಲಿ ಆಗಾಗ ಎರಡೂ ಕಡೆಯ ಎಂಟೆಂಟು ಜನ ಬಗ್ಗಿ, ಹೆಗಲಿಗೆ ಹೆಗಲು ಸಿಕ್ಕಿಸಿ, ಎದುರಿನವರನ್ನು ತಳ್ಳುತ್ತಾರೆ. ಅದಕ್ಕೆ ಸ್ಕ್ರಮ್ ಎಂದು ಹೆಸರು. ಮುಂದಿನ ಸಾಲಿನ ಮೂವರ ಕುತ್ತಿಗೆಯ ಮೇಲೆ ಹಿಂದಿನವರ ಭಾರ, ಎದುರಿನವರ ಭಾರ ಎರಡೂ ಬೀಳುತ್ತವೆ. ಅಲ್ಲಿ ಸಿಕ್ಕಸಿಕ್ಕವರನ್ನು ನಿಲ್ಲಿಸಿದರೆ ಕುತ್ತಿಗೆ ಮುರಿದು ಕೈಗೆ ಬರುತ್ತದೆ. ಆದ್ದರಿಂದ ಆ ಕೆಲಸ ಕಲಿತು ಸರ್ಟಿಫಿಕೇಟು ಪಡೆದ ಮೂವರಿಲ್ಲದೆ ಪಂದ್ಯ ಶುರುವಾಗುವಂತಿಲ್ಲ.

ಹನ್ನೊಂದು ವಾರದ ಹಿಂದೆ ಊರು ಬಿಟ್ಟಾಗ ಅಂಥವರು ಅಕ್ಕನ ಬಳಿ ಆರು ಜನ ಇದ್ದರು. ಅವರ ಬಸ್ಸು ದಾಟಿದ ನಾಲ್ಕನೆಯ ದಿನಕ್ಕೆ, ಸಾಂಕ್ರಾಮಿಕ ರೋಗ ಹಬ್ಬಿತೆಂದು ಗಡಿ ಮುಚ್ಚಿತು. ವಾಪಸು ಹೋದರೆ ಹದಿನಾಲ್ಕು ದಿನ ಕೋಣೆಯಲ್ಲಿ ಕೂರಬೇಕು, ಮತ್ತೆ ಹೊರಗೆ ಬಿಡುವುದಿಲ್ಲ. ಹಾಗಾಗಿ ಅವರ ಆಟವೆಲ್ಲ ಪರಸ್ಥಳದಲ್ಲಿ. ಸ್ವಂತ ಮೈದಾನದ್ದು ಎಂದು ವೇಳಾಪಟ್ಟಿಯಲ್ಲಿ ಅಚ್ಚಾಗಿದ್ದ ಪಂದ್ಯಗಳನ್ನೂ ಯಾರದೋ ಎರವಲು ಮೈದಾನದಲ್ಲಿ ಆಡಿದರು. ಒಬ್ಬನ ಭುಜ ಹೋಯಿತು, ಇನ್ನೊಬ್ಬನ ಮೊಣಕಾಲು ಹೋಯಿತು. ಬದಲಿಗೆ ಊರಿನಿಂದ ಇಬ್ಬರನ್ನು ಕರೆಸೋಣವೆಂದರೆ ಗಡಿ ದಾಟಿ ಸೊಳ್ಳೆಯೂ ಬರುವಂತಿರಲಿಲ್ಲ.

ಉಳಿದವರು ನಾಲ್ವರು. ಬಲಗಡೆಗೆ ಕಂಬ. ಎಡಗಡೆಗೆ ಒರಳು, ಅವನನ್ನು ಒಂದು ಕಡೆ ಇಟ್ಟರೆ ಅಲ್ಲೇ ಇರುತ್ತಾನೆ, ಅದಕ್ಕೇ ಆ ಹೆಸರು. ನಡುವೆ ಕಾಲಿನಿಂದ ಚೆಂಡು ಎಳೆದುಕೊಳ್ಳುವ ಕೊಕ್ಕೆ. ಬದಲಿಗೆ ಮೌನಿ. ಅವನು ಹನ್ನೊಂದು ವಾರದಲ್ಲಿ ಆಡಿದ ಮಾತು ಒಟ್ಟು ಸೇರಿಸಿದರೂ ಒಂದು ಪೋಸ್ಟ್‌ಕಾರ್ಡು ತುಂಬುತ್ತಿರಲಿಲ್ಲ. ಈ ನಾಲ್ವರನ್ನು ಅಕ್ಕ ಬಸ್ಸಿನಲ್ಲಿ ಎರಡನೆಯ, ಐದನೆಯ, ಎಂಟನೆಯ, ಹನ್ನೊಂದನೆಯ ಸಾಲಿಗೆ ಹಂಚಿದ್ದಳು. ರೋಗ ಅಂಟಿದವನ ಪಕ್ಕ ಹದಿನೈದು ನಿಮಿಷ ಕೂತವನೂ ಹತ್ತು ದಿನ ಕೋಣೆ ಸೇರಬೇಕೆಂಬುದು ನಿಯಮ. ಒಬ್ಬನಿಗೆ ಬಂದರೆ ಒಬ್ಬನೇ ಹೋಗಲಿ, ಉಳಿದ ಮೂವರು ಉಳಿಯಲಿ ಎಂಬುದು ಅವಳ ಹಂಚಿಕೆ. ಅಭ್ಯಾಸದಲ್ಲಿ ಸ್ಕ್ರಮ್ ಹಾಕುವಾಗಲೂ ಕುತ್ತಿಗೆಗೆ ಸ್ಟಾಪ್‌ವಾಚ್ ನೇತುಹಾಕಿಕೊಂಡು ನಿಂತು, ಹದಿಮೂರನೆಯ ನಿಮಿಷಕ್ಕೆ ಸೀಟಿ ಊದಿ ಎಲ್ಲರನ್ನೂ ಬಿಡಿಸುತ್ತಿದ್ದಳು.

ಇಷ್ಟೆಲ್ಲ ಒದ್ದಾಟಕ್ಕೆ ಕಾರಣವಿತ್ತು. ಐದನೆಯ ವಾರದಲ್ಲಿ ದಾರಿಯಲ್ಲಿದ್ದಾಗಲೇ ಮುಂದಿನ ಗಡಿ ಮುಚ್ಚಿ, ಬಸ್ಸು ಹೆದ್ದಾರಿಯ ಪಕ್ಕ ಒಂಬತ್ತು ಗಂಟೆ ನಿಂತಿತ್ತು. ಲೀಗಿನವರು ಅದನ್ನು 'ಬಿಟ್ಟುಕೊಟ್ಟ ಪಂದ್ಯ' ಎಂದು ಬರೆದುಕೊಂಡರು. ಇನ್ನೊಂದು ಬಿಟ್ಟುಕೊಟ್ಟರೆ ತಂಡ ಲೀಗಿನಿಂದಲೇ ಹೊರಗೆ. ಸೋತರೆ ಚಿಂತೆಯಿಲ್ಲ, ಸೋತವರಿಗೆ ಮುಂದಿನ ವರ್ಷ ಇರುತ್ತದೆ. ಆಡದವರಿಗೆ ಇರುವುದಿಲ್ಲ.

ಪಂದ್ಯದ ದಿನ ಬೆಳಿಗ್ಗೆ ಏಳಕ್ಕೆ ಪರೀಕ್ಷೆಯ ಫಲಿತಾಂಶ ಬಂತು. ಒರಳಿಗೆ ರೋಗ ಅಂಟಿತ್ತು.

ಹೋಟೆಲಿನ ಕೆಳಗಿನ ಹಜಾರದಲ್ಲಿ ಆ ಊರಿನ ಆರೋಗ್ಯಾಧಿಕಾರಿ ಮಡಚುವ ಮೇಜು ಹಾಕಿಕೊಂಡು, ಮುಂದೆ ಪ್ಲಾಸ್ಟಿಕ್ ಪರದೆ ಇಳಿಬಿಟ್ಟುಕೊಂಡು ಕೂತಿದ್ದಳು. ಸಣ್ಣ ವಯಸ್ಸಿನ ಹೆಂಗಸು, ಕಣ್ಣಿನ ಕೆಳಗೆ ಕಪ್ಪು, ಕೈ ಸ್ಯಾನಿಟೈಸರಿಗೆ ಒಡೆದುಹೋಗಿತ್ತು. ಅಕ್ಕ ಬಸ್ಸಿನ ಹಾಳೆಯನ್ನು ಪರದೆಯ ಕೆಳಗಿನಿಂದ ತಳ್ಳಿದಳು.

"ಹನ್ನೊಂದನೇ ಸಾಲು, ಒಬ್ಬರೇ. ಮುಂದೆ ಹಿಂದೆ ಯಾರೂ ಇಲ್ಲ," ಎಂದು ಅಧಿಕಾರಿ ಓದಿದಳು. "ಇಷ್ಟು ಅಚ್ಚುಕಟ್ಟಾಗಿ ಯಾರೂ ಕೊಟ್ಟಿಲ್ಲ ನನಗೆ. ಅವರೊಬ್ಬರನ್ನ ಕೋಣೇಲಿ ಇರಿಸಿ, ಉಳಿದವರು ಆಡಬಹುದು. ಇಲ್ಲೊಂದು ಸಹಿ ಹಾಕಿ."

ಅಕ್ಕ ಪೆನ್ನು ತೆಗೆದಳು. ಎದೆ ಸ್ವಲ್ಪ ಉಬ್ಬಿತ್ತೆಂದರೆ ಸುಳ್ಳಲ್ಲ. ಆಗಲೇ ಅವಳ ಫೋನು ಗುಂಯ್‌ಗುಟ್ಟಿತು. ಊರಿನಿಂದ ಒರಳಿನ ಹೆಂಡತಿ ವಿಡಿಯೋ ಕರೆಯ ಫೋಟೋ ಕಳಿಸಿದ್ದಳು. ಬಾಣಂತಿ, ಮಗು ಹುಟ್ಟಿದ್ದು ತಂಡ ಹೊರಟ ಮೇಲೆ, ಈಗ ಅದಕ್ಕೆ ಆರು ವಾರ. 'ಅಕ್ಕಾ, ನಿನ್ನೆ ಮಗು ಮೊದಲ ಸಲ ನಕ್ಕಿತು, ಇವರಿಬ್ಬರ ಮುಖ ನೋಡಿ!' ಎಂದು ಕೆಳಗೆ ಬರೆದಿದ್ದಳು. ಫೋಟೋದ ಮೂಲೆಯಲ್ಲಿ ನಗುವ ಮಗು. ಉಳಿದ ಪರದೆಯ ತುಂಬ ಬಸ್ಸಿನ ಕೊನೆಯ ಸೀಟು, ಕೆನ್ನೆಗೆ ಕೆನ್ನೆ ಒತ್ತಿಕೊಂಡ ಎರಡು ದೊಡ್ಡ ಮುಖಗಳು, ಮಾಸ್ಕು ಗಲ್ಲದ ಕೆಳಗೆ. ಒಂದು ಒರಳು. ಇನ್ನೊಂದು ಕಂಬ.

ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

"ಒಂದು ನಿಮಿಷ," ಎಂದು ಅಧಿಕಾರಿಗೆ ಹೇಳಿ, ಅಕ್ಕ ಸಹಿ ಹಾಕದೆ ಪೆನ್ನಿನ ಮುಚ್ಚಳ ಮುಚ್ಚಿದಳು.

ಲಿಫ್ಟು ಬಳಸುವಂತಿರಲಿಲ್ಲ. ನಾಲ್ಕು ಮಹಡಿ ಹತ್ತಿ ತಮ್ಮನ ಬಾಗಿಲು ತಟ್ಟಿದಾಗ ಅವಳಿಗೆ ಏದುಸಿರು. ಕಂಬ ಬಾಗಿಲು ತೆರೆದ, ಕೈಯಲ್ಲಿ ಹಲ್ಲುಜ್ಜುವ ಬ್ರಶ್ಶು.

"ನಿನ್ನೆ ಬಸ್ಸಲ್ಲಿ ಎಲ್ಲಿ ಕೂತಿದ್ದೆ?"

"ಎರಡನೇ ಸಾಲು. ನೀನೇ ಕೂರಿಸಿದ್ದಲ್ವಾ?"

ಅವಳು ಫೋನು ತಿರುಗಿಸಿ ತೋರಿಸಿದಳು. ಕಂಬ ನೋಡಿದ. ಮೊದಲು ಮಗುವನ್ನು ನೋಡಿ ಮುಖ ಅರಳಿತು, ಆಮೇಲೆ ತನ್ನನ್ನು ನೋಡಿ ಬಾಡಿತು.

"ಎಷ್ಟು ಹೊತ್ತು?"

"ಡೀಸೆಲ್ ಹಾಕಿಸೋಕೆ ನಿಲ್ಲಿಸಿದ್ರಲ್ಲ, ಅಲ್ಲಿಂದ ಹೋಟೆಲ್‌ವರೆಗೂ. ನೀನು ಮುಂದೆ ಡ್ರೈವರ್ ಜೊತೆ ದಾರಿ ಬಗ್ಗೆ ಜಗಳ ಆಡ್ತಿದ್ದೆ."

"ಎರಡು ಗಂಟೆ! ನಿನಗೆ ತಲೇಲಿ ಏನಿದೆ? ಮಾಸ್ಕ್ ಯಾಕೆ ತೆಗೆದ್ರಿ?"

"ಮಗೂಗೆ ಮುಖ ಕಾಣ್ಬೇಡ್ವಾ?" ಕಂಬನ ಧ್ವನಿ ಏರಿತು. "ಅವನು ಅಳ್ತಾ ಇದ್ದ ಅಕ್ಕಾ. ಹೆತ್ತ ಮಗೂನ ಇನ್ನೂ ಎತ್ತಿಕೊಂಡಿಲ್ಲ. ಕೊನೇ ಸಾಲಲ್ಲಿ ಒಬ್ಬನೇ ಕೂತು, ಯಾರಿಗೂ ಕೇಳಿಸಬಾರದು ಅಂತ ಬಾಯಿಗೆ ಟವೆಲ್ ಇಟ್ಕೊಂಡು ಅಳ್ತಾ ಇದ್ದ. ಏಳು ವರ್ಷದಿಂದ ಅವನ ಸಾಲಲ್ಲೇ ನಿಂತು ತಳ್ಳಿದ್ದೀನಿ. ನಿನ್ನ ಹಾಳೆ ನೋಡ್ಕೊಂಡು ಸುಮ್ನೆ ಕೂತಿರ್ಬೇಕಿತ್ತಾ?"

ಅಕ್ಕ ಫೋನು ಕೆಳಗಿಳಿಸಿದಳು. ಹಾಳೆ ಮಾಡುವಾಗ ಅವಳು ಕುತ್ತಿಗೆಗಳನ್ನು ಎಣಿಸಿದ್ದಳೇ ಹೊರತು ಅಳುವವರನ್ನು ಎಣಿಸಿರಲಿಲ್ಲ.

"ನನ್ನದು ನೆಗೆಟಿವ್ ಬಂದಿದೆ ತಾನೇ?" ಕಂಬ ಸ್ವರ ಇಳಿಸಿದ. "ಮೈ ಕೈ ನೋವಿಲ್ಲ, ಜ್ವರ ಇಲ್ಲ. ಫೋಟೋ ಅಳಿಸಿಬಿಡು. ನೀನು ನೋಡಿಲ್ಲ, ನಾನು ಹೇಳಿಲ್ಲ. ನಾನು, ಕೊಕ್ಕೆ, ಮೌನಿ, ಮೂರು ಜನ ಆಯ್ತು. ಆಡಿ ಮುಗಿಸಿಬಿಡೋಣ."

"ಇವತ್ತು ನೆಗೆಟಿವ್. ನಾಳೆ ಬಂದ್ರೆ? ಮಧ್ಯಾಹ್ನ ನೀನು ಅವರ ಮುಂದಿನ ಸಾಲಿನ ಮುಖಕ್ಕೆ ಮುಖ ಕೊಟ್ಟು ಉಸಿರು ಬಿಡ್ತೀಯ. ಅವರ ಮನೇಲೂ ಮಗು ಇರುತ್ತೆ. ಅಮ್ಮ ಇರ್ತಾಳೆ."

"ನಾವು ಆಡದೆ ಇದ್ರೆ ತಂಡವೇ ಇರಲ್ಲ. ಅದು ಗೊತ್ತಾ ನಿನಗೆ?"

"ನನಗೆ ಗೊತ್ತಿಲ್ದೆ ನಿನಗೆ ಗೊತ್ತಾ?"

"ಹಾಗಾದ್ರೆ ಹೋಗು, ಹೇಳು! ಹನ್ನೊಂದು ವಾರ ಮನೆ ಮಠ ಬಿಟ್ಟು ಅಲೆದಿದ್ದನ್ನೆಲ್ಲ ನೀರಲ್ಲಿ ಹೋಮ ಮಾಡು! ನೀನು ಅಕ್ಕ ಅಲ್ಲ, ಪೊಲೀಸು!" ಬಾಗಿಲು ಧಡಾರನೆ ಮುಚ್ಚಿತು. ಎದುರಿನ ಎರಡು ಬಾಗಿಲು ತೆರೆದು ಎರಡು ತಲೆ ಇಣುಕಿ, ಅಕ್ಕನ ಮುಖ ನೋಡಿ ತಕ್ಷಣ ಒಳಗೆ ಹೋದವು.

ಅವಳು ಮೆಟ್ಟಿಲ ಮೇಲೆ ಕೂತಳು. ಬೆರಳು ಫೋಟೋ ಅಳಿಸುವ ಗುರುತಿನ ಮೇಲಿತ್ತು. ಒಂದು ಒತ್ತು ಸಾಕು. ಅಧಿಕಾರಿ ಹಾಳೆಯನ್ನು ಹೊಗಳಿ ಆಗಿತ್ತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೂ ಈ ಸಲ ಯಾರೂ ನೋಡುತ್ತಿರಲಿಲ್ಲ. ಅವಳಿಗೆ ಆಸೆಯಾಯಿತು, ನಾಚಿಕೆ ಬಿಟ್ಟು ಆಸೆಯಾಯಿತು. ಆಮೇಲೆ ಸಿಟ್ಟು ಬಂತು. ತಮ್ಮನ ಮೇಲಲ್ಲ. ಹೆದ್ದಾರಿಯ ಪಕ್ಕ ನಿಲ್ಲಿಸಿದವರು, ಸ್ನಾನಕ್ಕೆ ನೀರು ಕೊಡದವರು, ಕಾರು ನಿಲ್ಲಿಸುವ ಜಾಗದಲ್ಲಿ ಬಟ್ಟೆ ಬದಲಿಸಿ ಎಂದವರು, ಇವರೆಲ್ಲ ಇಷ್ಟು ದಿನ ತಂಡವನ್ನು ಒಂದೊಂದಾಗಿ ಕಿತ್ತುಕೊಂಡರು. ಈಗ ಉಳಿದಿರುವ ಮಾನವನ್ನೂ ತಾನೇ ಕೈಯಾರೆ ಕೊಡಬೇಕೇ? ಕದ್ದು ಆಡುವುದೂ ಇಲ್ಲ, ಬಿಟ್ಟುಕೊಡುವುದೂ ಇಲ್ಲ ಎಂದು ಅವಳು ಗಟ್ಟಿಯಾಗಿಯೇ ಹೇಳಿಕೊಂಡಳು. ಹೇಗೆ ಎಂಬುದು ಇನ್ನೂ ಹೊಳೆದಿರಲಿಲ್ಲ.

ಕೆಳಗೆ ಬಂದು ಫೋಟೋವನ್ನು ಪರದೆಗೆ ಒತ್ತಿ ತೋರಿಸಿದಳು. ಅಧಿಕಾರಿ ಬಹಳ ಹೊತ್ತು ನೋಡಿ, "ಮಗು ಚೆನ್ನಾಗಿದೆ," ಎಂದಳು. ಆಮೇಲೆ ಕಂಬನ ಹೆಸರಿನ ಮುಂದೆ ಹತ್ತು ದಿನ ಎಂದು ಬರೆದಳು. "ನೀವು ತೋರಿಸದೆ ಇದ್ದಿದ್ರೆ ನನಗೆ ಗೊತ್ತೇ ಆಗ್ತಿರ್ಲಿಲ್ಲ."

"ನನಗೆ ಗೊತ್ತಾಗ್ತಿತ್ತಲ್ಲಮ್ಮ," ಎಂದಳು ಅಕ್ಕ.

ಸುದ್ದಿ ಹತ್ತು ನಿಮಿಷದಲ್ಲಿ ಮೈದಾನಕ್ಕೆ ಮುಟ್ಟಿತು. ಎದುರು ತಂಡದ ಮ್ಯಾನೇಜರು ಉದ್ದ ಕೋಟು ಹಾಕಿಕೊಂಡು ಹೋಟೆಲಿನ ಹೊರಗೆ ಬಂದು ನಿಂತ. ಅವನ ಕೈಯಲ್ಲಿನ ಫೋನಿನಲ್ಲಿ ಲೀಗಿನ ಅಧಿಕಾರಿಯ ಮುಖ. ಆತನ ಹಿಂದೆ ಪುಸ್ತಕದ ಕಪಾಟು, ಒಂದು ಹಸಿರು ಗಿಡ. ಮನೆಯಲ್ಲಿ ಕೂತು ಊರವರ ಹಣೆಬರಹ ಬರೆಯುವ ಕೆಲಸ ಆತನದು.

"ಪಾಪ, ನಿಮ್ಮ ತಪ್ಪೇನಿಲ್ಲ," ಎಂದ ಕೋಟಿನವನು. ಅವನ ದನಿಯಲ್ಲಿ ಬೆಣ್ಣೆ ಇತ್ತು. "ಇಬ್ಬರೇ ಉಳಿದಿದ್ದಾರೆ, ಮೂವರು ಬೇಕು. ಪಂದ್ಯ ಬಿಟ್ಟುಕೊಡ್ತೀವಿ ಅಂತ ಒಂದು ಸಾಲು ಬರೆದುಕೊಟ್ಟರೆ ನಮ್ಮ ಹುಡುಗರೂ ಮಧ್ಯಾಹ್ನ ಮನೆಗೆ ಹೋಗ್ತಾರೆ."

"ನಮ್ಮ ಹುಡುಗರು ಎಲ್ಲಿಗೆ ಹೋಗ್ತಾರೆ?" ಎಂದು ಅಕ್ಕ ಕೇಳಿದಳು.

"ಎಲ್ಲರಿಗೂ ಕಷ್ಟದ ಕಾಲ," ಎಂದಿತು ಫೋನಿನ ಮುಖ.

"ಕಷ್ಟ ಎಲ್ಲರಿಗೂ ಸರಿ, ಬಸ್ಸು ನಮಗೊಬ್ಬರಿಗೇ. ನಾವು ಆಡ್ತೀವಿ."

"ಯಾರನ್ನಿಟ್ಟುಕೊಂಡು? ಸೀಸನ್ನಿಗೆ ಮೊದಲು ನೋಂದಾಯಿಸಿದ ಪಟ್ಟಿಯಲ್ಲಿ ಇರಬೇಕು, ಮುಂದಿನ ಸಾಲಿನ ಸರ್ಟಿಫಿಕೇಟು ಇರಬೇಕು, ನಿಮ್ಮ ಬಸ್ಸಿನಲ್ಲೇ ಬಂದಿರಬೇಕು. ಅಂಥವರು ಇದ್ದರೆ ತೋರಿಸಿ."

ಅಕ್ಕ ಚೀಲದಿಂದ ಪಟ್ಟಿ ತೆಗೆದಳು. ನಲವತ್ತೊಂದು ಹೆಸರು. ಗಾಯಗೊಂಡವರು, ಊರಿನಲ್ಲಿ ಉಳಿದವರು, ಬೇರೆ ತಂಡಕ್ಕೆ ಹೋದವರು ಎಂದು ಕೆಳಗಿನಿಂದ ಮೇಲಕ್ಕೆ ಬೆರಳಿಟ್ಟು ಹೋದಳು. ಹನ್ನೆರಡು, ಏಳು, ನಾಲ್ಕು. ಬೆರಳು ಮೊದಲ ಸಾಲಿಗೆ ಬಂದು ನಿಂತಿತು.

ಮೊದಲ ಸಾಲಿನಲ್ಲಿ ಮೇಷ್ಟ್ರ ಹೆಸರಿತ್ತು. ಮೇಷ್ಟ್ರು ಎಂದರೆ ತಂಡದ ಸ್ಕ್ರಮ್ ಕಲಿಸುವವರು. ನಲವತ್ತಮೂರು ವರ್ಷ, ಓದಲು ಕನ್ನಡಕ, ಮೆಟ್ಟಿಲು ಇಳಿಯುವಾಗ ಎರಡೂ ಮೊಣಕಾಲು ಟಕ್ ಟಕ್ ಎನ್ನುತ್ತವೆ. ಅವರು ಆಟ ಬಿಟ್ಟು ನಾಲ್ಕು ವರ್ಷವಾಗಿತ್ತು. ಈ ಕ್ಲಬ್ಬಿನಲ್ಲಿ ಅತಿ ಹೆಚ್ಚು ವರ್ಷ ಆಡಿದವನ ಹೆಸರನ್ನು ಮೊದಲ ಸಾಲಿನಲ್ಲಿ ಬರೆಯುವುದು ಹಿಂದಿನಿಂದ ಬಂದ ರೂಢಿ. ಮೇಷ್ಟ್ರು ಬೂಟು ಕಳಚಿದ ವರ್ಷ ಆ ಹೆಸರು ತೆಗೆಯಲು ಅಕ್ಕನಿಗೆ ಕೈ ಬರಲಿಲ್ಲ. ಮುಂದಿನ ವರ್ಷವೂ ಬರಲಿಲ್ಲ. ವರ್ಷವರ್ಷ ಹಳೆಯ ಪಟ್ಟಿಯನ್ನೇ ತಿದ್ದಿ ಕಳಿಸುತ್ತಿದ್ದಳು. ಸರ್ಟಿಫಿಕೇಟನ್ನೂ ಮಿಕ್ಕವರದರ ಜೊತೆಗೆ ನವೀಕರಿಸುತ್ತಿದ್ದಳು. ಲೀಗಿನವರು ಓದುವ ಗೋಜಿಗೆ ಹೋಗದೆ ಠಸ್ಸೆ ಒತ್ತುತ್ತಿದ್ದರು.

"ಇವರು," ಎಂದಳು ಅಕ್ಕ.

ಫೋನಿನ ಮುಖ ಹತ್ತಿರ ಬಂತು. "ಇವರು ಕೋಚು! ಇದು ತಪ್ಪಾಗಿ ಸೇರಿದ ಹೆಸರು."

"ತಪ್ಪೇ ಇರಬಹುದು ಸಾರ್. ಕೆಳಗೆ ಸಹಿ ನಿಮ್ಮದು, ಠಸ್ಸೆ ನಿಮ್ಮದು. ನಾಲ್ಕು ವರ್ಷದಿಂದ ನೀವೂ ನಾವೂ ಕೂಡಿ ಮಾಡಿದ ತಪ್ಪು. ಇವತ್ತು ನಾನೊಬ್ಬಳೇ ತಿದ್ದಲಾ?"

ನೀವು ಚಾಪೆ ಕೆಳಗೆ ನುಗ್ಗಿದರೆ ನಾನು ರಂಗೋಲಿ ಕೆಳಗೆ ನುಗ್ಗುವವಳು ಎಂದು ಅವಳು ಹೇಳಲಿಲ್ಲ. ಮುಖವೇ ಹೇಳುತ್ತಿತ್ತು. ಲೀಗಿನವನು ಕಪಾಟಿನಿಂದ ನಿಯಮದ ಪುಸ್ತಕ ತೆಗೆದು ಹುಡುಕಿ ಹುಡುಕಿ, ಕಡೆಗೆ ಇಷ್ಟು ಹೇಳಿದ: ಡಾಕ್ಟರು ಒಪ್ಪಿದರೆ ಆಡಲಿ. ಆದರೆ ಎಂಬತ್ತು ನಿಮಿಷದ ಆಟದಲ್ಲಿ ಅರವತ್ತು ನಿಮಿಷದೊಳಗೆ ಆ ಮೂವರಲ್ಲಿ ಒಬ್ಬ ಹೊರಬಿದ್ದರೂ ಪಂದ್ಯ ಬಿಟ್ಟುಕೊಟ್ಟಂತೆ. ಅರವತ್ತು ದಾಟಿದ ಮೇಲೆ ಯಾರು ಬಿದ್ದರೂ, ತಳ್ಳಾಟವಿಲ್ಲದೆ ಮುಂದುವರಿಸಬಹುದು, ಸ್ಕೋರು ಏನಿದೆಯೋ ಅದೇ ಫಲಿತಾಂಶ.

"ಮುದುಕನನ್ನ ನಮ್ಮವರ ಕೈಗೆ ಕೊಡ್ತೀರಾ?" ಕೋಟಿನವನ ಬೆಣ್ಣೆ ಕರಗಿಹೋಗಿತ್ತು. "ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನೋ ಹಟ ಇದು."

"ಬೀಳೋದಕ್ಕಾದ್ರೂ ಕಣಕ್ಕೆ ಇಳೀಬೇಕಲ್ಲಪ್ಪ. ನೀನು ಇಳಿಯೋದೇ ಬೇಡ ಅಂತಿದ್ದೀಯ. ನಾವು ಸೋಲೋದಾದ್ರೆ ಆಡಿಯೇ ಸೋಲ್ತೀವಿ."

ಮೇಷ್ಟ್ರು ತಮ್ಮ ಕೋಣೆಯಲ್ಲಿ ಮಂಚದ ತುದಿಗೆ ಕೂತು, ಬಾಗಿಲ ಬಳಿ ಇಟ್ಟುಹೋದ ರಟ್ಟಿನ ಡಬ್ಬಿಯಿಂದ ತಣ್ಣಗಾದ ಮೊಟ್ಟೆ ತಿನ್ನುತ್ತಿದ್ದರು. ಅಕ್ಕ ವಿಷಯವನ್ನೆಲ್ಲ ಬಾಗಿಲಲ್ಲೇ ನಿಂತು ಹೇಳಿದಳು.

"ಪಟ್ಟೀಲಿ ನನ್ನ ಹೆಸರು ಇನ್ನೂ ಇದೆಯಾ?" ಎಂದು ಅವರು ಕೇಳಿದರು. ಮಿಕ್ಕ ಯಾವುದನ್ನೂ ಕೇಳಲಿಲ್ಲ.

"ಮೊದಲನೇ ಸಾಲಲ್ಲೇ ಇದೆ."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಒರೆಸುವ ಅಗತ್ಯ ಕನ್ನಡಕಕ್ಕಿಂತ ಕಣ್ಣಿಗೆ ಹೆಚ್ಚಾಗಿತ್ತು.

"ಮೌತ್‌ಗಾರ್ಡ್ ಇದೆಯಾ ಮೇಷ್ಟ್ರೇ?"

"ಮೊದಲು ಹಲ್ಲು ಎಷ್ಟಿವೆ ನೋಡ್ತೀನಿ ಇರು. ನನ್ನ ಹೆಂಡತಿಗೆ ಮಾತ್ರ ಹೇಳ್ಬೇಡ, ಅವರು ಕೊಲ್ಲೋಕೆ ಮೊದಲು ಅವಳು ಕೊಂದುಬಿಡ್ತಾಳೆ."

"ಕುತ್ತಿಗೆ?"

"ತಿಂಗಳಿಂದ ನಿನ್ನ ಹದಿಮೂರು ನಿಮಿಷದ ಸ್ಕ್ರಮ್‌ಗೆ ಎದುರು ನಿಂತು ತಳ್ಳಿಸಿಕೊಂಡಿದ್ದು ಯಾರು ಅಂದ್ಕೊಂಡೆ? ಅರವತ್ತು ನಿಮಿಷ ತಾನೇ. ಬೀಸೋ ದೊಣ್ಣೆ ತಪ್ಪಿದ್ರೆ ಸಾವಿರ ವರ್ಷ ಆಯಸ್ಸು. ನಡಿ."

ಡಾಕ್ಟರು ಕುತ್ತಿಗೆ ಹಿಡಿದು ಎಡಕ್ಕೆ ಬಲಕ್ಕೆ ತಿರುಗಿಸಿ, ಎದೆ ಬಡಿತ ಕೇಳಿ, ಅರ್ಧ ಮನಸ್ಸಿನಿಂದ ಕಾಗದಕ್ಕೆ ಸಹಿ ಹಾಕಿದರು. ಕಂಬನ ಜೆರ್ಸಿ ಮೇಷ್ಟ್ರ ಹೊಟ್ಟೆಯ ಮೇಲೆ ಬಿಗಿಯಾಯಿತು. ಬಟ್ಟೆ ಬದಲಿಸುವ ಕೋಣೆ ಎಂದಿನಂತೆ ಮುಚ್ಚಿತ್ತು. ಕಾರು ನಿಲ್ಲಿಸುವ ಜಾಗದಲ್ಲಿ, ಬಸ್ಸಿನ ಕನ್ನಡಿಯಿಂದ ದೀಪದ ಕಂಬಕ್ಕೆ ಹೋಟೆಲಿನ ಮೂರು ಹೊದಿಕೆ ಕಟ್ಟಿ ಅಕ್ಕ ಮರೆ ಮಾಡಿದ್ದಳು. ಅದರ ಹಿಂದಿನಿಂದ ಒಬ್ಬೊಬ್ಬರೇ ಬೂಟಿನ ಮೊಳೆ ಕಾಂಕ್ರೀಟಿಗೆ ಕುಟ್ಟುತ್ತ ಹೊರಬಂದರು. ಯಾರೂ ಮಾತಾಡಲಿಲ್ಲ. ಮೌನಿ ಮಾತ್ರ ಮೇಷ್ಟ್ರ ಬೆನ್ನು ತಟ್ಟಿ, "ಸಾರ್, ನಾನಿದ್ದೀನಿ," ಎಂದ. ಅವನ ವಾರದ ಪಡಿತರ ಅಲ್ಲಿಗೆ ಮುಗಿಯಿತು.

ಮೂರು ಗಂಟೆಗೆ ಆಟ ಶುರುವಾಯಿತು. ಹದಿನೆಂಟು ಸಾವಿರ ಕುರ್ಚಿ, ಒಬ್ಬ ಪ್ರೇಕ್ಷಕನಿಲ್ಲ. ಮೊದಲ ಸ್ಕ್ರಮ್‌ನಲ್ಲೇ ಎದುರಿನವರು ಮೇಷ್ಟ್ರ ಕಡೆಗೆ ಎಲ್ಲ ಭಾರ ಹಾಕಿದರು. ಮೇಷ್ಟ್ರು ನಾಲ್ಕು ಹೆಜ್ಜೆ ಹಿಂದೆ ಜಾರಿ ಮೊಣಕಾಲೂರಿದರು. ಎರಡನೆಯದರಲ್ಲೂ ಹಾಗೆಯೇ. ಹದಿನೈದನೆಯ ನಿಮಿಷಕ್ಕೆ ಸ್ಕೋರು ಹದಿನಾಲ್ಕು–ಸೊನ್ನೆ. ಗೆರೆಯಾಚೆ ನಿಂತ ಅಕ್ಕ ಸ್ಕೋರು ನೋಡುತ್ತಲೇ ಇರಲಿಲ್ಲ. ಅವಳ ಕಣ್ಣು ಗಡಿಯಾರ ಮತ್ತು ಮೇಷ್ಟ್ರ ಕುತ್ತಿಗೆಯ ಮೇಲಿತ್ತು.

ಇಪ್ಪತ್ತನೆಯ ನಿಮಿಷಕ್ಕೆ ಅವಳ ಫೋನು ಬಡಿದುಕೊಂಡಿತು. ವಿಡಿಯೋದಲ್ಲಿ ಕಂಬ, ಕೆಂಪು ಕಣ್ಣು.

"ಏನೋ?"

"ನಿನ್ನ ಮುಖ ನೋಡೋಕೆ ಮಾಡಿದ್ದಲ್ಲ. ಫೋನ್ ತಿರುಗಿಸು, ಆಟ ತೋರಿಸು."

ಅವಳು ತಿರುಗಿಸಿದಳು. ಮುಂದಿನ ಸ್ಕ್ರಮ್ ಕುಸಿಯುವವರೆಗೆ ಅವನು ಕಣ್ಣಿಟ್ಟು ನೋಡಿದ.

"ಮೇಷ್ಟ್ರ ಎಡಗಾಲು ತುಂಬ ಹಿಂದೆ ಇದೆ. ಎಲ್ಲರಿಗೂ ಕಲಿಸ್ತಾರೆ, ತಾವೇ ಮಾಡ್ತಿಲ್ಲ. ಹೇಳು ಅವರಿಗೆ!"

ಜನ ತುಂಬಿದ್ದರೆ ಅಲ್ಲಿಗೆ ಕೂಗು ಮುಟ್ಟುತ್ತಿರಲಿಲ್ಲ. ಆದರೆ ಪ್ರೇಕ್ಷಕರು ಬೇಡ ಎಂದು ಬಾಗಿಲು ಹಾಕಿದವರು ಲೀಗಿನವರೇ ಅಲ್ಲವೇ? ಅಕ್ಕ ಹೊಟ್ಟೆಯಿಂದ ಉಸಿರೆತ್ತಿ ಕೂಗಿದಳು, "ಮೇಷ್ಟ್ರೇ, ಎಡಗಾಲು ಮುಂದೆ!" ಖಾಲಿ ಕುರ್ಚಿಗಳು ಅವಳ ದನಿಯನ್ನು ನಾಲ್ಕೂ ಕಡೆಯಿಂದ ಮೈದಾನಕ್ಕೆ ಎಸೆದವು. ಮೇಷ್ಟ್ರು ಬಗ್ಗಿದಲ್ಲೇ ಕಾಲು ಮುಂದಿಟ್ಟರು. ಆ ಸಲ ಒಂದೇ ಹೆಜ್ಜೆ ಜಾರಿದರು.

ಅಲ್ಲಿಂದ ಅದೇ ಕೆಲಸವಾಯಿತು. ಕಂಬ ಹೇಳುವುದು, ಅಕ್ಕ ಕೂಗುವುದು. ಸೊಂಟ ಕೆಳಗೆ. ಮೌನಿ, ಒಳಗೆ ಒತ್ತು. ಕೊಕ್ಕೆ, ಅವರ ತೋಳು ಬಿಡಬೇಡ. ಕೋಟಿನವನು ಬಂದು ಇದಕ್ಕೆ ಅನುಮತಿ ಇದೆಯೇ ಎಂದು ರೆಫರಿಯನ್ನು ಕೇಳಿದ. ತಂಡದ ಮ್ಯಾನೇಜರು ಕೂಗಬಾರದೆಂದು ಯಾವ ಪುಸ್ತಕದಲ್ಲೂ ಇಲ್ಲ ಎಂದ ರೆಫರಿ. ನಲವತ್ತನೆಯ ನಿಮಿಷಕ್ಕೆ ಮೇಷ್ಟ್ರ ಹುಬ್ಬು ಒಡೆದು ರಕ್ತ ಬಂತು. ಡಾಕ್ಟರು ಓಡಿದರು. ಹೊರಗೆ ಕಳಿಸಬೇಡಿ, ಹೊರಗೆ ಕಳಿಸಬೇಡಿ ಎಂದು ಅಕ್ಕ ಯಾರಿಗೋ ಗೊಣಗುತ್ತಿದ್ದಳು. ಒಳ್ಳೆಯ ಮನುಷ್ಯನ ನೆತ್ತರು ನೋಡಿಯೂ ತಾನು ಹೀಗೆ ಗೊಣಗುತ್ತಿದ್ದೇನಲ್ಲ ಎಂದು ಅವಳಿಗೇ ಅಸಹ್ಯವಾಯಿತು. ಮೇಷ್ಟ್ರು ಪಟ್ಟಿ ಸುತ್ತಿಸಿಕೊಂಡು ಎದ್ದರು.

ಐವತ್ತೆರಡು. ಐವತ್ತೇಳು. ಐವತ್ತೊಂಬತ್ತನೆಯ ನಿಮಿಷದಲ್ಲಿ ಇನ್ನೊಂದು ಸ್ಕ್ರಮ್, ಇನ್ನೊಂದು ಕುಸಿತ, ಅಡಿಯಲ್ಲಿ ಸಿಕ್ಕ ಮೇಷ್ಟ್ರು ಒಂದು ಕ್ಷಣ ಏಳಲಿಲ್ಲ. ಆಮೇಲೆ ಮೊದಲು ಒಂದು ಕೈ ಬಂತು, ಮೌನಿ ಅದನ್ನು ಹಿಡಿದು ಎಳೆದ. ಗಡಿಯಾರ ಅರವತ್ತು ದಾಟಿತು.

"ಆಯ್ತು! ಅರವತ್ತಾಯ್ತು!" ಎಂದು ಅಕ್ಕ ಕಿರುಚಿದಳು. ಈಗ ಸ್ಕೋರು ಮೂವತ್ನಾಲ್ಕು–ಐದು ಇದ್ದರೇನು, ನೂರು ಇದ್ದರೇನು, ತಂಡ ಉಳಿಯಿತು. ಎರಡೂ ಕೈ ಬೀಸಿ ಮೇಷ್ಟ್ರನ್ನು ಹೊರಗೆ ಕರೆದಳು. "ಸಾಕು ಬನ್ನಿ! ಇನ್ನು ತಳ್ಳೋದು ಬೇಡ!"

ಮೇಷ್ಟ್ರು ಅವಳ ಕಡೆ ನೋಡಿ ತಲೆ ಅಲ್ಲಾಡಿಸಿದರು. ಹೊಟ್ಟೆಯ ಮೇಲೆ ಏರಿದ ಜೆರ್ಸಿ ಎಳೆದು ಕೆಳಗೆ ಮಾಡಿಕೊಂಡು, ಮತ್ತೆ ಹೋಗಿ ತಮ್ಮ ಜಾಗದಲ್ಲಿ ನಿಂತರು.

"ನೋಡೋ, ಬರಲ್ಲ ಅಂತಾರೆ," ಎಂದು ಅಕ್ಕ ಫೋನಿಗೆ ಹೇಳಿದಳು. ಪರದೆಯಲ್ಲಿ ಕಂಬನ ಮುಖವಿರಲಿಲ್ಲ. ಹೋಟೆಲ್ ಕೋಣೆಯ ಸೂರು, ದೀಪ, ಅಷ್ಟೇ. ಸಿಟ್ಟಿಗೋ ಅಳುವಿಗೋ ಫೋನು ಎಸೆದಿದ್ದಾನೆ ಎಂದುಕೊಂಡಳು. ತಂಡ ಉಳಿಸಿ ತಮ್ಮನನ್ನು ಕಳೆದುಕೊಂಡೆನೇ ಎಂದು ಹೆದರಿಕೆಯಾಯಿತು. ಫೋನು ಜೇಬಿಗೆ ಹಾಕಿ ತಾನೇ ಕೂಗತೊಡಗಿದಳು.

ಕೊನೆಯ ಸ್ಕ್ರಮ್ ಅಕ್ಕನ ತಂಡದ ಗೋಲು ಗೆರೆಗೆ ಐದು ಮೀಟರು ದೂರದಲ್ಲಿ. ಎದುರಿನವರಿಗೆ ಮೂವತ್ತೊಂದು ಅಂಕದ ಮುನ್ನಡೆ, ಇನ್ನೊಂದು ಬೇಕಾಗಿರಲಿಲ್ಲ. ಬೇಕು ಎಂದೇ ತಳ್ಳಿದರು. ಎಂಟು ಬೆನ್ನು ನಡುಗಿದವು, ಬೂಟುಗಳು ಮಣ್ಣು ಅಗೆದವು, ಮೇಷ್ಟ್ರ ಪಟ್ಟಿ ಬಿಚ್ಚಿ ಜೋತಾಡಿತು. ಒಂದು ಅಂಗುಲ ಸರಿಯಲಿಲ್ಲ. ರೆಫರಿ ಕಾದು ಕಾದು ಸೀಟಿ ಊದಿದ. ನಲವತ್ತೊಂದು–ಹತ್ತು. ಸೋತವರು ಒಬ್ಬರ ಮೇಲೊಬ್ಬರು ಬಿದ್ದು ಕೂಗುತ್ತಿದ್ದರು. ಗೆದ್ದವರು ಏನಾಯಿತೆಂದು ತಿಳಿಯದೆ ನಿಂತಿದ್ದರು. ಅವರ ಮುಂದಿನ ಸಾಲಿನವನೊಬ್ಬ ಮೇಷ್ಟ್ರ ಹತ್ತಿರ ಬಂದು, ಕೈ ಕೊಡುವಂತಿಲ್ಲವೆಂದು ನೆನಪಾಗಿ, ಬಗ್ಗಿ ತಲೆಬಾಗಿದ.

ಅಕ್ಕ ಫಲಿತಾಂಶದ ಕಾಗದಕ್ಕೆ ಸಹಿ ಹಾಕುತ್ತಿರುವಾಗ ಫೋನು ಮತ್ತೆ ಬಡಿದುಕೊಂಡಿತು. ಹೋಟೆಲಿನ ಸ್ವಾಗತಕಟ್ಟೆಯ ಹೆಂಗಸು, ಅವಳ ದನಿಯಲ್ಲಿ ಗಾಬರಿ.

"ಮೇಡಂ, ನಾಲ್ಕನೇ ಮಹಡಿಯಲ್ಲಿರೋ ನಿಮ್ಮ ತಮ್ಮನವರಿಗೆ ಏನಾಗಿದೆ? ಇಪ್ಪತ್ತು ನಿಮಿಷದಿಂದ ಗೋಡೆಗೆ ಹೆಗಲು ಕೊಟ್ಟು ತಳ್ತಾ ಇದ್ದಾರೆ. ಮಂಚ ಮುರಿದಿದೆ, ಕಪಾಟು ಬಿದ್ದಿದೆ. ಪಕ್ಕದ ಕೋಣೆಯ ಒರಳು ಅನ್ನೋರು ಅವರೂ ಆ ಕಡೆಯಿಂದ ಅದೇ ಗೋಡೆಗೆ ತಳ್ತಿದ್ದಾರಂತೆ. ಬಾಗಿಲು ತಟ್ಟಿದ್ರೆ 'ಅಕ್ಕ ನಿಲ್ಲಿಸು ಅನ್ನೋವರೆಗೂ ನಿಲ್ಲಿಸಲ್ಲ' ಅಂತ ಕೂಗ್ತಾರೆ. ನಾನೇನು ಮಾಡ್ಲಿ?"

ಅಕ್ಕ ಪೆನ್ನು ಕೆಳಗಿಟ್ಟಳು. ಮುಂಗೈಯಿಂದ ಕಣ್ಣೊರೆಸಿಕೊಂಡಳು.

"ಗೋಡೆ ಬಿತ್ತಾ?" ಎಂದು ಕೇಳಿದಳು.

"ಇಲ್ಲ ಮೇಡಂ."

"ಹಾಗಾದ್ರೆ ಸೊಂಟ ಇನ್ನೂ ಕೆಳಗಿಳಿಸಬೇಕಂತೆ, ನಿಮ್ಮ ಅಕ್ಕ ಹೇಳಿದ್ಲು ಅಂತ ಹೇಳಿ."